ಯಕೃತ್ತಿನ ಅರ್ಬುದವೂ ಶಸ್ತ್ರಕ್ರಿಯೆಗೆ ಮುಂಚಿನ ಗಡಸುತನದ ಪರೀಕ್ಷೆಯೂ

ಯಕೃತ್ತಿನಲ್ಲಿ ಅರ್ಬುದವುಂಟಾಗಿದೆ ಎಂಬ ಮಾತು ಒಂದು ಮನೆಯಲ್ಲಿ ಕೇಳಿಬಂದೊಡನೆ ಆ ಮನೆಯವರ ಬಾಯಿಂದ ಮೊದಲು ಹೊರಡುವ ಪ್ರಶ್ನೆಯು "ಅದನ್ನು ಕೊಯ್ದು ತೆಗೆಯಲಾಗುವುದೇ?" ಎಂಬುದೇ ಆಗಿರುತ್ತದೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ತಮ್ಮ ತಂದೆಯ, ಮಾವನವರ, ಯಜಮಾನರ ಕಾಯಿಲೆಯ ನಿಮಿತ್ತ ಆಸ್ಪತ್ರೆಗಳಿಗೆ ಅಲೆದು, ಶಾಲೆಯ ಕಡೆಗೆ ಬಂದಾಗ ನನ್ನೊಡನೆ ಹೀಗೆ ಕೇಳಿರುವುದುಂಟು: "ಟೀಚರ್, ಗಂಟು ನಿಂಬೆಹಣ್ಣಿನಷ್ಟೇ ಇದೆಯಂತೆ. ಆದರೂ ಡಾಕ್ಟರು ಕೂಡಲೆ ಆಪರೇಷನ್ ಮಾಡುವುದಿಲ್ಲ. ಲಿವರ್ ಎಷ್ಟು ಗಡಸಾಗಿದೆ ಎಂದು ಮೊದಲು ಅಳೆಯಬೇಕಂತೆ. ಗಂಟು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತಿರುವಾಗ ಈ ಅಳತೆ ಯಾತಕ್ಕೆ?"

ಈ ಪ್ರಶ್ನೆಯು ಉಚಿತವಾದದ್ದು. ಇದಕ್ಕೆ ಉತ್ತರ ತಿಳಿಯದ ಕಾರಣ ಕೆಲವರು, ವೈದ್ಯರು ವೃಥಾ ಕಾಲಹರಣ ಮಾಡುತ್ತಾರೆಂದು ಸಂಶಯಪಟ್ಟು ಪರೀಕ್ಷೆಯನ್ನು ಅರ್ಧದಲ್ಲಿಯೇ ಬಿಟ್ಟುಹೋಗುವರು. ಬೇರೆ ಕೆಲವರು, ಶಸ್ತ್ರಕ್ರಿಯೆ ಬೇಡವೆಂದು ಹೇಳಿಸಿಕೊಂಡರೆ ಇನ್ನು ಯಾವ ಚಿಕಿತ್ಸೆಯೂ ಇಲ್ಲವೆಂದೇ ತಿಳಿದು ರೋಗಿಯನ್ನು ಮನೆಗೆ ಕರೆತಂದುಬಿಡುವರು. ಎರಡೂ ದುಃಖಕರವಾದ ಸಂಗತಿಗಳೇ. ನಾನು ವೈದ್ಯಳಲ್ಲ, ಆರೋಗ್ಯಶಾಸ್ತ್ರವನ್ನೂ ಭೌತಶಾಸ್ತ್ರವನ್ನೂ ಹುಡುಗಿಯರಿಗೆ ಬೋಧಿಸುತ್ತ ಬಂದ ಉಪಾಧ್ಯಾಯಿನಿ. ಆದರೂ ಈ ಪರೀಕ್ಷೆಯ ಮೂಲತತ್ತ್ವವು ನಮ್ಮ ತರಗತಿಯ ಪಾಠಗಳಿಗೆ ಬಹು ಸಮೀಪವಾದದ್ದರಿಂದ, ಅದನ್ನು ನನ್ನ ಶಕ್ತ್ಯನುಸಾರ ಇಲ್ಲಿ ವಿವರಿಸಲೆಳಸುತ್ತೇನೆ.

ಯಕೃತ್ತು ನಮ್ಮ ದೇಹದೊಳಗಣ ಅಂಗಗಳಲ್ಲೆಲ್ಲ ದೊಡ್ಡದು. ಪ್ರಾಯಸ್ಥರಲ್ಲಿ ಅದರ ತೂಕವು ಸುಮಾರು ಒಂದೂವರೆ ಕಿಲೋಗ್ರಾಂ. ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿ, ವಪೆಯ ಕೆಳಗೆ ಅದು ನೆಲೆಗೊಂಡಿದೆ. ಪಿತ್ತರಸವನ್ನು ಸ್ರವಿಸುವುದು, ಉಂಡ ಆಹಾರದ ಸಕ್ಕರೆಯನ್ನು ಕೂಡಿಟ್ಟು ಬೇಕಾದಾಗ ರಕ್ತಕ್ಕೆ ಒದಗಿಸುವುದು, ಗಾಯವಾದಾಗ ರಕ್ತವು ಹೆಪ್ಪುಗಟ್ಟಲು ಬೇಕಾದ ಪದಾರ್ಥಗಳನ್ನು ಉತ್ಪಾದಿಸುವುದು, ವಿಷಗಳನ್ನೂ ಔಷಧಗಳನ್ನೂ ಮಾರ್ಪಡಿಸಿ ಹೊರಹಾಕುವುದು, ಇವೆಲ್ಲವೂ ಅದರ ಕೆಲಸ. ಇತರ ಅಂಗಗಳಿಗಿಲ್ಲದ ಒಂದು ವಿಶೇಷವು ಅದಕ್ಕಿದೆ. ಅದಕ್ಕೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಹೃದಯದಿಂದ ನೇರವಾಗಿ ಬರುವುದಲ್ಲ. ಜಠರ, ಕರುಳು, ಗುಲ್ಮ ಇವುಗಳಲ್ಲಿ ಹರಿದ ರಕ್ತವೆಲ್ಲ ದ್ವಾರಸಿರೆ ಎಂಬ ದೊಡ್ಡ ಸಿರೆಯಲ್ಲಿ ಕೂಡಿ ಯಕೃತ್ತನ್ನು ಪ್ರವೇಶಿಸಿ, ಅದನ್ನು ಹಾದ ಮೇಲೆಯೇ ಹೃದಯವನ್ನು ಸೇರುತ್ತದೆ. ಓದುಗರು ಈ ಅಂಶವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ಬೇಕಾಗುವುದು.

ಆರೋಗ್ಯವಂತರ ಯಕೃತ್ತು ಮೃದುವಾದದ್ದು; ರಕ್ತವು ಅದರೊಳಗೆ ಸುಲಭವಾಗಿ ಹರಿಯುತ್ತದೆ. ಆದರೆ ಹೆಪಟೈಟಿಸ್ ಬಿ ಮತ್ತು ಸಿ ಎಂಬ ವೈರಸ್ಸುಗಳಿಂದಲಾಗಲಿ, ಮದ್ಯಪಾನದಿಂದಲಾಗಲಿ, ಮಧುಮೇಹ ಮತ್ತು ಸ್ಥೂಲಕಾಯಗಳೊಡನೆ ಬರುವ ಕೊಬ್ಬಿನ ಶೇಖರಣೆಯಿಂದಲಾಗಲಿ ಅದಕ್ಕೆ ವರ್ಷಗಟ್ಟಲೆ ಪೆಟ್ಟು ಬೀಳುತ್ತಿದ್ದರೆ, ಕೈಯ ಮೇಲಿನ ಗಾಯವು ಮಾದು ಕಲೆಯಾಗುವಂತೆ, ಯಕೃತ್ತಿನೊಳಗೂ ನಾರಿನ ಕಲೆಗಳು ಬೆಳೆಯುತ್ತವೆ. ಕಲೆಗಳು ಒಂದನ್ನೊಂದು ಕೂಡಿಕೊಂಡು ಯಕೃತ್ತೆಲ್ಲ ಗಂಟುಗಂಟಾಗಿ ಬಿರುಸಾದ ಸ್ಥಿತಿಗೆ ಸಿರೋಸಿಸ್ ಎಂದು ಹೆಸರು. ಈ ಹೆಸರನ್ನು 1819ರಲ್ಲಿ ಕೊಟ್ಟವನು ಫ್ರಾನ್ಸ್ ದೇಶದ ಲೆನ್ನೆಕ್ ಎಂಬ ವೈದ್ಯನು. ಎದೆಯ ಶಬ್ದವನ್ನು ಆಲಿಸುವ ಸ್ಟೆತಸ್ಕೋಪನ್ನು ಕಂಡುಹಿಡಿದವನೂ ಅವನೇ. ಯಕೃತ್ತಿನಲ್ಲಿಯೇ ಹುಟ್ಟುವ ಅರ್ಬುದಗಳಲ್ಲಿ ಹೆಚ್ಚಿನವು ಇಂತಹ ಕಲೆಗಟ್ಟಿದ ಯಕೃತ್ತಿನಲ್ಲಿಯೇ ಹುಟ್ಟುವುವು. ಆದಕಾರಣ ವೈದ್ಯರ ಮುಂದೆ ಬರುವ ರೋಗಿಗೆ ಬಹುಸಂದರ್ಭಗಳಲ್ಲಿ ರೋಗ ಒಂದಲ್ಲ, ಎರಡು. ಒಂದು, ಗಂಟು, ಇನ್ನೊಂದು, ಆ ಗಂಟಿನ ಸುತ್ತಲೂ ಇರುವ ಯಕೃತ್ತಿನ ಜೀರ್ಣಾವಸ್ಥೆ. ಮನೆಯವರಿಗೆ ಕಾಣುವುದು ಮೊದಲನೆಯದು. ಶಸ್ತ್ರವೈದ್ಯರಿಗೆ ಚಿಂತೆಯಾಗುವುದು ಎಷ್ಟೋ ವೇಳೆ ಎರಡನೆಯದು.

ಅದೇಕೆಂದು ನೋಡೋಣ. ಕೊಯ್ದರೂ ಮತ್ತೆ ಬೆಳೆಯುವ ಶಕ್ತಿಯು ಯಕೃತ್ತಿಗಿದೆ. 1931ರಲ್ಲಿ ಅಮೆರಿಕದ ಹಿಗಿನ್ಸ್ ಮತ್ತು ಆಂಡರ್ಸನ್ ಎಂಬ ಇಬ್ಬರು, ಇಲಿಗಳ ಯಕೃತ್ತಿನಲ್ಲಿ ಮೂರರಲ್ಲಿ ಎರಡು ಪಾಲನ್ನು ತೆಗೆದರೂ ಕೆಲವೇ ವಾರಗಳಲ್ಲಿ ಅದು ಮೊದಲಿನ ತೂಕಕ್ಕೆ ಬರುವುದೆಂದು ತೋರಿಸಿದರು. ಪ್ಯಾರಿಸಿನ ಕ್ವಿನೋ ಎಂಬಾತನು 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಯಕೃತ್ತು ತಮತಮಗೆ ಬೇರೆ ರಕ್ತನಾಳಗಳುಳ್ಳ ಎಂಟು ಖಂಡಗಳಾಗಿ ವಿಭಾಗವಾಗಿದೆಯೆಂದು ವಿವರಿಸಿದನು. ಈ ತಿಳಿವಳಿಕೆಯಿಂದ ಶಸ್ತ್ರವೈದ್ಯರು ಇತರ ಖಂಡಗಳಿಗೆ ಹಾನಿಯಾಗದಂತೆ ಬೇಕಾದ ಖಂಡವನ್ನು ಮಾತ್ರ ತೆಗೆಯಲು ಸಮರ್ಥರಾದರು. ಆರೋಗ್ಯವಾದ ಯಕೃತ್ತಿನಲ್ಲಿ ನೂರಕ್ಕೆ 20ರಿಂದ 25 ಪಾಲು ಉಳಿದರೂ ಮನುಷ್ಯನು ಚೇತರಿಸಿಕೊಳ್ಳಬಲ್ಲನು. ಆದರೆ ಸಿರೋಸಿಸ್ ಆಗಿರುವಲ್ಲಿ ನೂರಕ್ಕೆ 40 ಪಾಲಾದರೂ ಉಳಿಯಬೇಕೆಂದು ವೈದ್ಯರು ಎಣಿಸುತ್ತಾರೆ. ಕಲೆಗಟ್ಟಿದ ಯಕೃತ್ತು ನಿಧಾನವಾಗಿಯೂ ಅರೆಕೊರೆಯಾಗಿಯೂ ಬೆಳೆಯುವುದೇ ಇದಕ್ಕೆ ಕಾರಣ.

ಇನ್ನೊಂದು ಅಪಾಯವೂ ಇದೆ. ಗಡಸಾದ ಯಕೃತ್ತು ರಕ್ತಕ್ಕೆ ಎದುರಾಗಿ ನಿಲ್ಲುವುದರಿಂದ ಹಿಂದಿನ ದ್ವಾರಸಿರೆಯಲ್ಲಿ ಒತ್ತಡವು ಏರುತ್ತದೆ. ಕೆರೆಯ ಎರಡು ತೂಬುಗಳಲ್ಲಿ ಹೊರಡುತ್ತಿದ್ದ ನೀರನ್ನು ಒಂದೇ ತೂಬಿನಲ್ಲಿ, ಅದೂ ಹೂಳು ತುಂಬಿದ ತೂಬಿನಲ್ಲಿ, ಬಿಟ್ಟರೆ ಏನಾಗುವುದು? ಯಕೃತ್ತಿನ ಒಂದು ಭಾಗವನ್ನು ಕೊಯ್ದ ಮೇಲೆ, ಕರುಳಿನಿಂದ ಬರುವ ಅಷ್ಟೂ ರಕ್ತವು ಉಳಿದ ಭಾಗದಲ್ಲಿಯೇ ಹಾದುಹೋಗಬೇಕು. ಅದು ತಡೆಯಲಾರದೆ ಹೋದರೆ ಕಾಮಾಲೆ ಕಾಣಿಸಿಕೊಳ್ಳುವುದು, ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತ ಹೆಪ್ಪುಗಟ್ಟದಿರುವುದು, ಬುದ್ಧಿಗೆ ಮಂಕು ಕವಿಯುವುದು. ಗಂಟು ಪೂರ್ಣವಾಗಿ ಹೋಗಿದ್ದರೂ ರೋಗಿಯು ಬದುಕದೆ ಇರಬಹುದು. ಆದ್ದರಿಂದ ಶಸ್ತ್ರವೈದ್ಯರು ತಮ್ಮಲ್ಲಿ ತಾವು ಕೇಳಿಕೊಳ್ಳುವ ಪ್ರಶ್ನೆಯು ನಮ್ಮ ಪ್ರಶ್ನೆಗಿಂತ ಬೇರೆಯಾದದ್ದು. "ಇದನ್ನು ತೆಗೆಯಬಹುದೇ?" ಎಂದಷ್ಟೇ ಅಲ್ಲ, "ತೆಗೆದ ಮೇಲೆ ಉಳಿಯುವುದು ಈ ಮನುಷ್ಯನನ್ನು ಬದುಕಿಸಬಲ್ಲುದೇ?" ಎಂಬುದೇ ಅವರ ಪ್ರಶ್ನೆ. ಗಡಸುತನದ ಪರೀಕ್ಷೆಯು ಮುಖ್ಯವಾಗಿ ಈ ಎರಡನೆಯ ಪ್ರಶ್ನೆಗಾಗಿ ಇದೆ.

ವಸ್ತುವಿನ ಒಳಗನ್ನು ಮುಟ್ಟಿಯೂ ತಟ್ಟಿಯೂ ತಿಳಿಯುವ ಪದ್ಧತಿ ಹೊಸದಲ್ಲ. ಮಾವಿನಹಣ್ಣನ್ನು ಒತ್ತಿ ನೋಡದೆ, ಹಲಸಿನಹಣ್ಣನ್ನು ತಟ್ಟಿ ನೋಡದೆ ಕೊಳ್ಳುವ ಗೃಹಿಣಿಯು ನಮ್ಮಲ್ಲಿ ಯಾರಿದ್ದಾಳೆ? ವೈದ್ಯರೂ ಪುರಾತನಕಾಲದಿಂದ ರೋಗಿಯ ಬಲಪಕ್ಕೆಯ ಕೆಳಗೆ ಬೆರಳಿಟ್ಟು ಯಕೃತ್ತಿನ ಅಂಚು ಮೆತ್ತಗಿದೆಯೋ ಗಟ್ಟಿಯಾಗಿದೆಯೋ ಎಂದು ನೋಡುತ್ತ ಬಂದಿದ್ದಾರೆ. ಆದರೆ ಪಕ್ಕೆಲುಬುಗಳ ಹಿಂದಿರುವ ಭಾಗವು ಬೆರಳಿಗೆ ನಿಲುಕದು. ಬೆರಳಿನ ತಿಳಿವಳಿಕೆಯನ್ನು ಅಂಕೆಯಲ್ಲಿ ಬರೆದಿಡಲೂ ಆಗದು. ಸೂಜಿಯನ್ನು ಚುಚ್ಚಿ ಯಕೃತ್ತಿನ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿಯೂ ಇದೆ. ಅದು ಬಹಳ ಉಪಯುಕ್ತವಾದರೂ, ಸೂಜಿಗೆ ಸಿಕ್ಕುವ ಚೂರು ಇಡೀ ಯಕೃತ್ತಿನ ಐವತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಅಲ್ಲದೆ ಅದರಿಂದ ನೋವೂ, ಅಪರೂಪವಾಗಿ ರಕ್ತಸ್ರಾವವೂ ಉಂಟಾಗಬಹುದು.

ಚುಚ್ಚದೆ ಅಳೆಯುವ ಉಪಾಯವು ದೊರೆತದ್ದು ಶಬ್ದತರಂಗಗಳಿಂದ. 1991ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಜೊನಾಥನ್ ಓಫಿರ್ ಮತ್ತು ಅವರ ಸಹೋದ್ಯೋಗಿಗಳು, ಮೃದುವಾದ ಅಂಗವನ್ನು ಒತ್ತಿದಾಗ ಅದು ಎಷ್ಟು ಕುಗ್ಗುವುದೆಂಬುದನ್ನು ಅಲ್ಟ್ರಾಸೌಂಡಿನಿಂದ ಚಿತ್ರಿಸುವ ವಿಧಾನವನ್ನು ಪ್ರಕಟಿಸಿ, ಅದಕ್ಕೆ ಎಲಾಸ್ಟೋಗ್ರಫಿ ಎಂದು ಹೆಸರಿಟ್ಟರು. 1995ರಲ್ಲಿ ಅದೇ ದೇಶದ ಮೇಯೋ ಕ್ಲಿನಿಕ್ಕಿನ ರಾಜಾ ಮುತ್ತುಪಿಳ್ಳೈ, ರಿಚರ್ಡ್ ಎಹ್‌ಮನ್ ಮೊದಲಾದವರು ಎಂ.ಆರ್.ಐ. ಯಂತ್ರದಿಂದ ಅಂಗಾಂಶದೊಳಗೆ ಓಡುವ ಅಲೆಗಳನ್ನು ನೋಡುವ ಬಗೆಯನ್ನು ತೋರಿಸಿದರು. ಪ್ಯಾರಿಸಿನಲ್ಲಿ ಲೋರಾಂ ಸಾಂದ್ರಾ ಮತ್ತು ಜೊತೆಗಾರರು ಯಕೃತ್ತಿಗೆಂದೇ ನಿರ್ಮಿಸಿದ ಯಂತ್ರದ ವರದಿಯು 2003ರಲ್ಲಿ ಬಂದಿತು. ಅದೇ ಇಂದು ನಮ್ಮ ಆಸ್ಪತ್ರೆಗಳಲ್ಲಿಯೂ ಹೆಸರಾಗಿರುವ ಫೈಬ್ರೋಸ್ಕ್ಯಾನ್.

ಇದರ ತತ್ತ್ವವನ್ನು ಒಂದು ಹಗ್ಗದಿಂದಲೇ ತಿಳಿಯಬಹುದು. ಬಾವಿಯ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಹಿಡಿದು ಒಮ್ಮೆ ಮೇಲಕ್ಕೂ ಕೆಳಕ್ಕೂ ಕೊಡವಿರಿ. ಹಗ್ಗದಲ್ಲಿ ಒಂದು ಅಲೆಯು ಓಡಿಹೋಗುವುದು. ಹಗ್ಗವು ಸಡಿಲವಾಗಿದ್ದರೆ ಅಲೆಯು ಮೆಲ್ಲನೆ ಸಾಗುವುದು. ಬಿಗಿದು ಹಿಡಿದಿದ್ದರೆ ಬೇಗನೆ ಓಡುವುದು. ಇಂತಹ ಅಡ್ಡ ಅಲೆಗಳು ಯಕೃತ್ತಿನಲ್ಲಿಯೂ ಉಂಟು: ಮೃದುವಾದ ಯಕೃತ್ತಿನಲ್ಲಿ ಅವು ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ, ಮನುಷ್ಯನ ನಡಿಗೆಯ ವೇಗದಲ್ಲಿ, ಸಾಗುತ್ತವೆ, ಗಡಸಾದ ಯಕೃತ್ತಿನಲ್ಲಿ ಎರಡು ಮೀಟರಿಗೂ ಮಿಕ್ಕಿ ಓಡುತ್ತವೆ. ಅಲ್ಟ್ರಾಸೌಂಡಿನ ಶಬ್ದವಾದರೋ ದೇಹದಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರು ಹೋಗುವಂಥದು. ಆದಕಾರಣ ಮೆಲ್ಲನೆ ಹೋಗುವ ಅಡ್ಡ ಅಲೆಯನ್ನು ಅದು ಬೆನ್ನಟ್ಟಿ, ಕ್ಷಣಕ್ಷಣಕ್ಕೂ ಎಲ್ಲಿದೆಯೆಂದು ಗುರುತಿಸಿ, ಅದರ ವೇಗವನ್ನು ಲೆಕ್ಕಹಾಕಬಲ್ಲುದು. ವೇಗವು ತಿಳಿದರೆ ಗಡಸುತನವು ತಿಳಿದಂತೆಯೇ. ವೇಗವು ಇಮ್ಮಡಿಯಾದರೆ ಗಡಸುತನವು ನಾಲ್ಮಡಿಯೆಂಬುದು ಇಲ್ಲಿಯ ಸೂತ್ರ: ಸೆಕೆಂಡಿಗೆ ಒಂದು ಮೀಟರಾದರೆ 3 ಕಿಲೋಪಾಸ್ಕಲ್, ಎರಡು ಮೀಟರಾದರೆ 12 ಕಿಲೋಪಾಸ್ಕಲ್. ಕಿಲೋಪಾಸ್ಕಲ್ ಎಂಬುದು ಒತ್ತಡವನ್ನು ಅಳೆಯುವ ಮಾನ. ವರದಿಯಲ್ಲಿ ಬರೆದಿರುವ ಅಂಕೆಯು ಇದೇ.

ಪರೀಕ್ಷೆಯು ಕಠಿನವಲ್ಲ. ರೋಗಿಯು ಕನಿಷ್ಠಪಕ್ಷ ಮೂರು ಗಂಟೆಗಳ ಕಾಲ ಏನನ್ನೂ ತಿನ್ನದೆ ಬಂದು, ಬಲಗೈಯನ್ನು ತಲೆಯ ಹಿಂದಿಟ್ಟು ಅಂಗಾತ ಮಲಗಬೇಕು. ಪಕ್ಕೆಲುಬುಗಳ ನಡುವೆ ಒಂದು ಸಲಾಕೆಯನ್ನಿಟ್ಟು ಗುಂಡಿಯನ್ನು ಒತ್ತಿದಾಗ, ಬೆರಳಿನಿಂದ ಮೆಲ್ಲಗೆ ತಟ್ಟಿದಂತಾಗುತ್ತದೆ. ಹೀಗೆ ಹತ್ತು ಸಲ ಅಳೆದು, ನಡುವಣ ಅಂಕೆಯನ್ನು ಬರೆದುಕೊಳ್ಳುತ್ತಾರೆ. ಹತ್ತು ಅಂಕೆಗಳೂ ಪರಸ್ಪರ ಬಹಳ ಬೇರೆಬೇರೆಯಾಗಿದ್ದರೆ ಆ ಪರೀಕ್ಷೆಯನ್ನು ನಂಬುವುದಿಲ್ಲ. ಒಮ್ಮೆ ಅಳೆಯುವ ಭಾಗವು ಬಯಾಪ್ಸಿಯ ಚೂರಿಗಿಂತ ನೂರು ಪಾಲಾದರೂ ದೊಡ್ಡದು. ಆರೋಗ್ಯವಂತರಲ್ಲಿ ಅಂಕೆಯು ಸಾಮಾನ್ಯವಾಗಿ 6ಕ್ಕೆ ಕಡಿಮೆ ಇರುತ್ತದೆ. ಯಂತ್ರವು 75ರವರೆಗೂ ಅಳೆಯಬಲ್ಲುದು.

ಎಂ.ಆರ್.ಐ. ವಿಧಾನದಲ್ಲಿ ಬಲಪಕ್ಕೆಯ ಮೇಲೆ ಒಂದು ಚಪ್ಪಟೆಯಾದ ಬಿಲ್ಲೆಯನ್ನಿಟ್ಟು, ಅದನ್ನು ಸೆಕೆಂಡಿಗೆ 60 ಸಲ ಕಂಪಿಸುವಂತೆ ಮಾಡಿ, ರೋಗಿಯು ಉಸಿರು ಬಿಗಿಹಿಡಿದಿರುವಾಗ ಅಲೆಗಳ ಚಿತ್ರವನ್ನು ತೆಗೆಯುತ್ತಾರೆ. ಇದರಿಂದ ಯಕೃತ್ತಿನ ಬಹುಭಾಗದ ಗಡಸುತನವು ಬಣ್ಣಬಣ್ಣದ ನಕ್ಷೆಯಾಗಿ ಕಾಣುವುದು. ಇದರ ಅಂಕೆಗಳು ಬೇರೆ ಲೆಕ್ಕದವು: ಇಲ್ಲಿ ಎರಡೂವರೆಗೆ ಕಡಿಮೆ ಇದ್ದರೆ ಸಹಜ; 5ನ್ನು ಮೀರಿದರೆ ಸಿರೋಸಿಸಿನ ಸೂಚನೆ. ಆದಕಾರಣ ಒಂದು ಯಂತ್ರದ ಅಂಕೆಯನ್ನು ಮತ್ತೊಂದರ ಅಂಕೆಯೊಡನೆ ಹೋಲಿಸಿ, ರೋಗವು ಇಳಿಯಿತೆಂದು ಸಂತೋಷಪಡುವುದೂ ಏರಿತೆಂದು ಭಯಪಡುವುದೂ ಸಲ್ಲದು.

ಇನ್ನು ಶಸ್ತ್ರಕ್ರಿಯೆಗೆ ಮುಂಚೆ ಈ ಅಂಕೆಯಿಂದ ತಿಳಿಯುವುದೇನು? ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ಬ್ರೂಯಿಕ್ಸ್ ಮತ್ತು ಅವರ ಜೊತೆಗಾರರು 1996ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊರನೋಟಕ್ಕೆ ಚೆನ್ನಾಗಿರುವ ಸಿರೋಸಿಸ್ ರೋಗಿಗಳಲ್ಲಿಯೂ ದ್ವಾರಸಿರೆಯ ಒತ್ತಡವು ಹೆಚ್ಚಾಗಿದ್ದವರೇ ಶಸ್ತ್ರಕ್ರಿಯೆಯ ತರುವಾಯ ಯಕೃತ್ತಿನ ದೌರ್ಬಲ್ಯಕ್ಕೆ ಗುರಿಯಾದರೆಂದು ತಿಳಿಸಿದರು. ಆ ಒತ್ತಡವನ್ನು ನೆಟ್ಟಗೆ ಅಳೆಯಬೇಕಾದರೆ ಕುತ್ತಿಗೆಯ ಅಥವಾ ತೊಡೆಯ ಸಿರೆಯಿಂದ ನಳಿಗೆಯನ್ನು ಯಕೃತ್ತಿನವರೆಗೆ ಸಾಗಿಸಬೇಕು. ಗಡಸುತನವು ಹೆಚ್ಚಿದಂತೆ ಒತ್ತಡವೂ ಹೆಚ್ಚುವುದರಿಂದ, ಹೊರಗಿನಿಂದ ಅಳೆದ ಗಡಸುತನವೇ ಒತ್ತಡದ ಸೂಚಕವಾಗಬಲ್ಲುದೆಂದು ಕಂಡುಬಂದಿತು. ಇಟಲಿಯ ಬೊಲೋನ್ಯಾ ನಗರದ ಶಸ್ತ್ರವೈದ್ಯರು 2012ರಲ್ಲಿ, ಗಡಸುತನವು 15.7 ಕಿಲೋಪಾಸ್ಕಲನ್ನು ಮುಟ್ಟಿದ ಅಥವಾ ದಾಟಿದ ರೋಗಿಗಳಲ್ಲಿ ಶಸ್ತ್ರಕ್ರಿಯೆಯ ನಂತರ ಯಕೃತ್ತು ಸೋಲುವ ಸಂಭವವು ಹೆಚ್ಚೆಂದು ವರದಿಮಾಡಿದರು. ಮರುವರ್ಷ ಹಾಂಗ್‌ಕಾಂಗಿನವರು ದೊಡ್ಡ ತೊಡಕುಗಳನ್ನು ಮುಂಗಾಣಲು 12 ಎಂಬ ಮಿತಿಯನ್ನು ಹೇಳಿದರು. ಬವೇನೋ ಎಂಬ ಇಟಲಿಯ ಊರಿನ ಹೆಸರಿನಲ್ಲಿ ಕೂಡುವ ತಜ್ಞರು 2021ರ ತಮ್ಮ ಏಳನೆಯ ಸಭೆಯಲ್ಲಿ, ವೈರಸ್ಸು ಅಥವಾ ಮದ್ಯದಿಂದ ರೋಗವುಂಟಾದವರಲ್ಲಿ 25 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ದ್ವಾರಸಿರೆಯ ಒತ್ತಡವು ಅಪಾಯದ ಮಟ್ಟಕ್ಕೆ ಏರಿದೆಯೆಂದು ತಿಳಿಯಬಹುದೆಂದು ಒಪ್ಪಿಕೊಂಡರು.

ಈ ಮಿತಿಗಳು ಒಂದೇ ಆಗಿಲ್ಲದಿರುವುದನ್ನು ಓದುಗರು ಗಮನಿಸಿರಬಹುದು. ಒಂದೊಂದು ಕಡೆಯ ರೋಗಿಗಳೂ ಕೊಯ್ಯುವ ಭಾಗದ ಪ್ರಮಾಣವೂ ಹುಡುಕುವ ತೊಡಕೂ ಬೇರೆಬೇರೆ. ಆದಕಾರಣ ಗಡಸುತನದ ಅಂಕೆಯು ಪರೀಕ್ಷೆಯಲ್ಲಿ ತೇರ್ಗಡೆಯಾಗಲು ಬೇಕಾದ ಅಂಕದಂಥದಲ್ಲ. ಶಸ್ತ್ರವೈದ್ಯರು ಅದರೊಡನೆ ರಕ್ತಪರೀಕ್ಷೆ, ಪ್ಲೇಟ್‌ಲೆಟ್ಟುಗಳ ಸಂಖ್ಯೆ, ಗುಲ್ಮದ ಗಾತ್ರ, ಉಳಿಯುವ ಯಕೃತ್ತಿನ ಅಳತೆ, ರೋಗಿಯ ವಯಸ್ಸು, ಹೃದಯ ಮತ್ತು ಶ್ವಾಸಕೋಶಗಳ ಬಲ, ಇವೆಲ್ಲವನ್ನೂ ಕೂಡಿಸಿ ನೋಡುತ್ತಾರೆ. ಅಂಕೆಯು ಕಡಿಮೆಯಾಗಿದ್ದರೆ ಧೈರ್ಯವಾಗಿ ಮುಂದುವರಿಯುವರು. ಹೆಚ್ಚಾಗಿದ್ದರೆ ಕೊಯ್ಯುವ ಭಾಗವನ್ನು ಚಿಕ್ಕದು ಮಾಡಬಹುದು. ಗಂಟಿರುವ ಪಾಲಿಗೆ ಹೋಗುವ ದ್ವಾರಸಿರೆಯ ಕವಲನ್ನು ಮುಚ್ಚಿ, ಉಳಿಯಬೇಕಾದ ಪಾಲು ಕೆಲವು ವಾರಗಳಲ್ಲಿ ಬೆಳೆದ ಮೇಲೆ ಶಸ್ತ್ರಕ್ರಿಯೆ ಮಾಡಬಹುದು. ಜಪಾನಿನ ಮಕುಉಚಿ ಎಂಬ ಶಸ್ತ್ರವೈದ್ಯರು 1980ರ ದಶಕದಲ್ಲಿ ಈ ಉಪಾಯವನ್ನು ಬಳಕೆಗೆ ತಂದರು. ಗಂಟು ಚಿಕ್ಕದಾಗಿದ್ದರೆ ಸೂಜಿಯ ಮೂಲಕ ಶಾಖವನ್ನು ಕೊಟ್ಟು ಅದನ್ನು ಸುಡಬಹುದು. ಯೋಗ್ಯರಾದವರಿಗೆ ಯಕೃತ್ತನ್ನೇ ಬದಲಾಯಿಸುವ ಕಸಿಯೂ ಉಂಟು; ಅದು ಗಂಟು, ಗಡಸು ಎರಡು ರೋಗಗಳನ್ನೂ ಏಕಕಾಲದಲ್ಲಿ ತೆಗೆಯುತ್ತದೆ. ಹೀಗಿರುವಲ್ಲಿ "ಕೊಯ್ಯುವುದು ಬೇಡ" ಎಂಬ ಮಾತಿಗೆ "ಕೈಬಿಟ್ಟೆವು" ಎಂಬ ಅರ್ಥವಲ್ಲ.

ಗಂಟಿನ ಗಡಸುತನವನ್ನೂ ಅಳೆಯಬಾರದೇ ಎಂದು ಕೇಳಬಹುದು. ಅದೂ ನಡೆದಿದೆ. ಮೇಯೋ ಕ್ಲಿನಿಕ್ಕಿನಿಂದ 2008ರಲ್ಲಿ ಹೊರಟ ಒಂದು ವರದಿಯಲ್ಲಿ, ಅರ್ಬುದದ ಗಂಟುಗಳು ನಿರಪಾಯವಾದ ಗಂಟುಗಳಿಗಿಂತ ಬಹಳ ಗಡಸಾಗಿರುವುದಾಗಿ ಕಂಡುಬಂದಿತು. ಆದರೆ ನಿರಪಾಯವಾದ ಕೆಲವು ಗಂಟುಗಳೂ ಗಡಸಾಗಿರುವುದರಿಂದ, ಗಂಟಿನ ಜಾತಿಯನ್ನು ನಿರ್ಣಯಿಸಲು ಬಣ್ಣದ ಔಷಧವನ್ನು ಸಿರೆಗೆ ಕೊಟ್ಟು ತೆಗೆಯುವ ಸಿ.ಟಿ., ಎಂ.ಆರ್.ಐ. ಚಿತ್ರಗಳೂ, ಬೇಕಾದರೆ ಬಯಾಪ್ಸಿಯೂ ಇಂದಿಗೂ ಅವಶ್ಯ. ಉಳಿಯುವ ಯಕೃತ್ತನ್ನು ಅಳೆಯುವಾಗ ಗಂಟಿನಿಂದ ದೂರವಾದ ಸ್ಥಳವನ್ನೇ ಆರಿಸುವರು.

ಅಂಕೆಯು ಮೋಸಮಾಡುವ ಸಂದರ್ಭಗಳನ್ನೂ ಹೇಳಬೇಕು. ಊಟಮಾಡಿ ಬಂದರೆ ಯಕೃತ್ತಿಗೆ ರಕ್ತವು ಹೆಚ್ಚಾಗಿ ಹರಿದು ಅಂಕೆಯು ಏರುವುದು. ಯಕೃತ್ತಿನಲ್ಲಿ ಉರಿಯೂತವು ಪ್ರಬಲವಾಗಿದ್ದರೂ, ಪಿತ್ತನಾಳವು ಕಟ್ಟಿ ಕಾಮಾಲೆಯಾಗಿದ್ದರೂ, ಹೃದಯದ ದೌರ್ಬಲ್ಯದಿಂದ ರಕ್ತವು ಯಕೃತ್ತಿನಲ್ಲಿ ನಿಂತಿದ್ದರೂ, ಕಲೆಯಿಲ್ಲದೆಯೇ ಗಡಸುತನವು ಹೆಚ್ಚಾಗಿ ತೋರುವುದು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಅಡ್ಡ ಅಲೆಯು ಆ ನೀರನ್ನು ದಾಟಲಾರದ ಕಾರಣ ಫೈಬ್ರೋಸ್ಕ್ಯಾನ್ ಪರೀಕ್ಷೆಯು ಸಾಗದು. ಸ್ಥೂಲಕಾಯರಿಗೆ ಬೇರೆ ಸಲಾಕೆ ಬೇಕು. ದೇಹದಲ್ಲಿ ಪೇಸ್‌ಮೇಕರ್ ಮುಂತಾದ ಉಪಕರಣವಿರುವವರು ಎಂ.ಆರ್.ಐ.ಗೆ ಮುಂಚೆಯೇ ಅದನ್ನು ತಿಳಿಸಬೇಕು.

ಈ ಕಾರಣಗಳಿಂದ ಮನೆಯವರ, ವಿಶೇಷವಾಗಿ ಓದುಬಲ್ಲ ಹೆಣ್ಣುಮಕ್ಕಳ, ಕರ್ತವ್ಯವು ದೊಡ್ಡದು. ಆಸ್ಪತ್ರೆಯ ಕಾಗದಗಳನ್ನು ಜೋಪಾನ ಮಾಡುವವರೂ, ರೋಗಿಯ ಊಟೋಪಚಾರವನ್ನು ನೋಡುವವರೂ ಬಹುಮಟ್ಟಿಗೆ ಇವರೇ. ಮೊದಲನೆಯದಾಗಿ, ಪರೀಕ್ಷೆಗೆ ಹೋಗುವ ದಿನ ಅಕ್ಕರೆಯಿಂದ ರೋಗಿಗೆ ಏನನ್ನಾದರೂ ತಿನ್ನಿಸಿ ಕಳುಹಿಸಬೇಡಿರಿ. ಎರಡನೆಯದಾಗಿ, ಮದ್ಯಪಾನದ ಅಭ್ಯಾಸವನ್ನೂ ಹಿಂದೆ ಬಂದ ಕಾಮಾಲೆಯನ್ನೂ ತಿಂದ ನಾಟಿ ಔಷಧಗಳನ್ನೂ ಮಾನಭಯದಿಂದ ಮುಚ್ಚಿಡಬೇಡಿರಿ. ಮೂರನೆಯದಾಗಿ, ವೈದ್ಯರೊಡನೆ ಮರ್ಯಾದೆಯಿಂದ ಈ ಮೂರು ಪ್ರಶ್ನೆಗಳನ್ನು ಕೇಳಿರಿ: ಗಂಟಿನ ಸುತ್ತಲಿನ ಯಕೃತ್ತು ಹೇಗಿದೆ? ಕೊಯ್ದರೆ ಎಷ್ಟು ಪಾಲು ಉಳಿಯುವುದು? ಕೊಯ್ಯಲಾಗದಿದ್ದರೆ ಬೇರೆ ಮಾರ್ಗ ಯಾವುದು?

ಯಕೃತ್ತು ಗಡಸಾಗದಂತೆ ನೋಡಿಕೊಳ್ಳುವುದು ಇವೆಲ್ಲಕ್ಕಿಂತಲೂ ಲೇಸು. ಹೆಪಟೈಟಿಸ್ ಬಿ ರೋಗಕ್ಕೆ ಲಸಿಕೆಯಿದೆ. ಹುಟ್ಟಿದ 24 ಗಂಟೆಗಳೊಳಗೆ ಮಗುವಿಗೆ ಅದರ ಮೊದಲನೆಯ ಚುಚ್ಚುಮದ್ದನ್ನು ಹಾಕಿಸಬೇಕು. 1984ರಲ್ಲಿ ತೈವಾನ್ ದೇಶವು ಮಕ್ಕಳಿಗೆ ಈ ಲಸಿಕೆಯನ್ನು ಕೊಡಲಾರಂಭಿಸಿದ ಮೇಲೆ ಅಲ್ಲಿನ ಮಕ್ಕಳಲ್ಲಿ ಯಕೃತ್ತಿನ ಅರ್ಬುದವು ಇಳಿಮುಖವಾಯಿತು. ನಮ್ಮ ದೇಶದಲ್ಲಿ 2002ರಲ್ಲಿ ಕೆಲವೆಡೆ ಆರಂಭವಾದ ಈ ಲಸಿಕೆಯು 2011ರಿಂದ ಎಲ್ಲ ರಾಜ್ಯಗಳಿಗೂ ವಿಸ್ತರಿಸಿದೆ. ಹೆಪಟೈಟಿಸ್ ಸಿ ರೋಗಕ್ಕೆ ಲಸಿಕೆಯಿಲ್ಲವಾದರೂ ಅದನ್ನು ಗುಣಪಡಿಸುವ ಮಾತ್ರೆಗಳಿವೆ. ಬೂಷ್ಟು ಹಿಡಿದ ಶೇಂಗಾ ಮತ್ತು ಮೆಕ್ಕೆಜೋಳಗಳಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದು. ಅದು ಯಕೃತ್ತಿನ ಅರ್ಬುದಕ್ಕೆ ಕಾರಣವಾಗಬಲ್ಲುದು. ಹುರಿದರೂ ಆ ವಿಷವು ಪೂರ್ತಿಯಾಗಿ ಹೋಗದಾದ್ದರಿಂದ, ಅಂತಹ ಕಾಳನ್ನು ಮಿತವ್ಯಯದ ನೆಪದಿಂದ ಚಟ್ನಿಗೆ ಸೇರಿಸದೆ ಎಸೆದುಬಿಡುವುದೇ ಸರಿ. ಮದ್ಯವನ್ನು ವರ್ಜಿಸುವುದು, ಮಧುಮೇಹವನ್ನು ಹತೋಟಿಯಲ್ಲಿಡುವುದು, ದೇಹಕ್ಕೆ ದಿನವೂ ವ್ಯಾಯಾಮ ಕೊಡುವುದು, ಇವು ಎಲ್ಲರಿಗೂ ತಿಳಿದವೇ.

ಯಕೃತ್ತಿನಲ್ಲಿ ಕಲೆಗಟ್ಟಿದೆಯೆಂದು ಈಗಾಗಲೇ ತಿಳಿದಿರುವವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಬೇಕೆಂದು ವೈದ್ಯರು ವಿಧಿಸುತ್ತಾರೆ. ಗಂಟು ಚಿಕ್ಕದಾಗಿರುವಾಗಲೇ ಸಿಕ್ಕಿದರೆ ಸ್ವಲ್ಪವೇ ಕೊಯ್ದರೂ ಸಾಕಾಗುವುದು. ಹೆಚ್ಚು ಯಕೃತ್ತು ಉಳಿಯುವುದು. ನಿಮ್ಮ ಮನೆಯ ಹಿರಿಯರಲ್ಲಿ ಅಂಥವರಿದ್ದರೆ, ಕಳೆದ ಸಲದ ಪರೀಕ್ಷೆಯ ತಾರೀಖನ್ನು ಇಂದೇ ತೆಗೆದು ನೋಡಿರಿ.